ಅರಳುತ್ತಿರುವ ಮಗು

ಮಾರ್ಚ್ 24, ಮಂಗಳವಾರ

ನಿನ್ನೆಯಿಂದ ತಲೆ ಸಿಡಿಯುತ್ತಿದೆ. ಮಗಳ ರಿಪೋರ್ಟ್ ಕಾರ್ಡನ್ನು ಯಜಮಾನರು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ. ನೀರು ತೆಗೆಯಲು ಹೋದಾಗಲೆಲ್ಲ ಕಣ್ಣಿಗೆ ಬೀಳುತ್ತದೆ.

"ನೋಡೇ, ಎಷ್ಟು ಚೆನ್ನಾಗಿ ಬರ್ದಿದಾರೆ. ತನ್ನದೇ ವೇಗದಲ್ಲಿ ಅರಳುತ್ತಿರುವ ಮಗು."

ಬರೆದವಳು ನಾನು ಪಾಠ ಮಾಡುವ ಶಾಲೆಯಲ್ಲೇ ಪಕ್ಕದ ತರಗತಿಯ ಟೀಚರ್. ಬರೆದವಳೇನು, ಬರೆಸಿದವಳು. ಮಗುವಿನ ಬಗ್ಗೆ ಒಂದು ಪದ ಕೊಟ್ಟರೆ ಸಾಕು, ಎಐ ಅದಕ್ಕೆ ಜೇನು ಸವರಿ ಕೊಡುತ್ತದೆ. ಬಾಯಿಬಡುಕ ಎಂದರೆ "ಮುಕ್ತವಾಗಿ ಅಭಿಪ್ರಾಯ ಹಂಚಿಕೊಳ್ಳುತ್ತಾನೆ." ದಡ್ಡಿ ಎಂದರೆ "ತನ್ನದೇ ವೇಗದಲ್ಲಿ ಅರಳುತ್ತಿರುವ ಮಗು." ಸ್ಟಾಫ್ ರೂಮಿನಲ್ಲಿ ಅವಳೂ ನಾನೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೇವೆ. ಅದನ್ನು ಓದಿ ಕಣ್ಣು ತುಂಬಿಕೊಂಡ ತಾಯಂದಿರನ್ನು ಕಂಡು ಇನ್ನಷ್ಟು ನಕ್ಕಿದ್ದೇವೆ.

ಇವತ್ತು ಕಾರಿಡಾರಿನಲ್ಲಿ ಎದುರಾದಳು.

"ಮಗಳ ಕಾರ್ಡ್ ನೋಡಿದ್ರಾ?"

"ನೋಡ್ದೆ. ಚೆನ್ನಾಗಿ ಬರ್ದಿದೀರ."

ಅವಳ ಮುಖದಲ್ಲಿ ಅಣಕವಿದ್ದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಇರಲಿಲ್ಲ. ಇದ್ದದ್ದನ್ನೇ ಹೇಳಿದ್ದಾಳೆ ಅಷ್ಟೆ.

ಸಂಜೆ ಮಗಳು ಫ್ರಿಜ್ಜಿನ ಮುಂದೆ ನಿಂತು ಕೇಳಿದಳು, "ಅಮ್ಮಾ, ಅರಳೋದು ಅಂದ್ರೆ ಒಳ್ಳೇದಲ್ವಾ?"

"ಹೋಗಿ ಮಗ್ಗಿ ಬಾಯಿಪಾಠ ಮಾಡು," ಎಂದೆ.

ಆ ಟೀಚರ್ ಮಗ ನನ್ನ ತರಗತಿಯಲ್ಲಿದ್ದಾನೆ. ಅರಳು ಹುರಿದಂತೆ ಮಾತಾಡುವ ಹುಡುಗ, ಎಲ್ಲದರಲ್ಲೂ ಮೊದಲು. ಅವನ ಕಾರ್ಡು ನಾಳೆ ಮನೆಗೆ ಹೋಗುತ್ತದೆ. ಈಗಷ್ಟೇ ಎಐಗೆ ಅವನ ಬಗ್ಗೆ ಒಂದೇ ಪದ ಕೊಟ್ಟೆ. ದಡ್ಡ.

ಓದಿ ಅವಳ ಗಂಡನಿಗೂ ಖುಷಿಯಾಗುತ್ತದೆ. ಫ್ರಿಜ್ಜಿಗೆ ಅಂಟಿಸುತ್ತಾನೆ.