ಮೇಘಳ ಕೋಣೆಯ ಗವಾಕ್ಷಿ

14 ಮಾರ್ಚ್ 2009, ಶನಿವಾರ. ಮಧ್ಯಾಹ್ನ 2

ಮೂರನೇ ಸಲ ಮೇಘಳ ಅಂಗಿ ಒದ್ದೆ ಮಾಡಿ ತೊಡಿಸಿದ್ದಾಯಿತು. ಥರ್ಮಾಮೀಟರಿನಲ್ಲಿ 101.4. ಹೆಸರು ಮೇಘ, ಮೈಯಲ್ಲಿ ಮಾತ್ರ ಒಂದು ಹನಿಯಿಲ್ಲ — ಮಗಳು ಬೆವರುವುದಿಲ್ಲ ಎಂದು ಐದು ವರ್ಷದಿಂದ ಇದೇ ಜೋಕು ಹೇಳಿಕೊಂಡು ಬಂದವನು ನಾನು. ಬುಧವಾರ ಸ್ಕೂಲಿನ ಪ್ರೇಯರ್‌ನಲ್ಲಿ ಮಗು ಕುಸಿದು ಕಣ್ಣು ಮೇಲೆ ಸಿಕ್ಕಿಸಿಕೊಂಡಿತು. ಜೋಕು ಅಲ್ಲೇ ಸತ್ತಿತು. ಮೈಸೂರಿನ ಡಾಕ್ಟರು ಹೇಳಿದ್ದು: ಹುಟ್ಟಿನಿಂದಲೇ ಬೆವರಿನ ಗ್ರಂಥಿಗಳಿಲ್ಲ. ಇನ್ನೊಮ್ಮೆ ಹಾಗೆ ಕಾದರೆ ಉಳಿಯುವುದು ಕಷ್ಟ. ಒಂದು ಕೋಣೆಯಾದರೂ ತಂಪಾಗಿರಲಿ, ಏಸಿ ಹಾಕಿಸಿ.

ತಾಳವಾಡಿ ಕಾಡಂಚಿನ ನಮ್ಮ ಗೆಟ್ಟವಾಡಿಯಲ್ಲಿ ಏಸಿ! ಇಲ್ಲಿ ಫ್ಯಾನು ತಿರುಗಿದರೇ ಹಬ್ಬ.

17 ಮಾರ್ಚ್

ಚಾಮರಾಜನಗರದ ಏಸಿ ಅಂಗಡಿಯವನು: "ತಾಳವಾಡಿ ಕಡೆಗಾ ಸಾ? ಯಾರ್ಗೆ, ಆನೆಗಾ?"

ಬೇರೆ ದಿನವಾಗಿದ್ದರೆ ತಮಾಷೆಯಲ್ಲಿ ಅವನನ್ನೂ ಮೀರಿಸುತ್ತಿದ್ದೆ. ಮಗಳಿಗೆ ಎಂದೆ. ಕುರ್ಚಿ ಎಳೆದು ಕೂರಿಸಿದ.

"ಗೋಡೆ ಯಾವ್ದು?"

"ಮಣ್ಣಿಂದು. ಅಜ್ಜ ಕಟ್ಟಿಸಿದ್ದು. ಮೇಲೆ ನಾಟಿ ಹೆಂಚು."

ಹಾಗಾದರೆ ದೊಡ್ಡ ಆಸ್ಪತ್ರೆಗಳಂತೆ ಸೂರಿನೊಳಗೆ ಗಾಳಿಯ ಕೊಳವೆ ಎಳೆಯುವ ಮಾತೇ ಇಲ್ಲ. ವಿಂಡೋ ಏಸಿಗೆ ಟ್ರಂಕಿನಷ್ಟು ಕಂಡಿ ಕೊರೆಯಬೇಕು. ಅದರ ನಡುಕಕ್ಕೆ ಮಣ್ಣು ಉದುರಿ... ಸ್ಪ್ಲಿಟ್ ಆದರೆ ಮುಷ್ಟಿಯಷ್ಟು ತೂತು ಸಾಕು. ಸದ್ದಿನ ಡಬ್ಬ ಹೊರಗೆ, ತಂಪಿನ ಡಬ್ಬ ಒಳಗೆ. ಸ್ಪ್ಲಿಟ್ಟೇ ಇರಲಿ ಎಂದೆ.

"ಆದ್ರೆ ಸಾ, ಎಂಚಿನ ಸಂದೀಲಿ ತಂಪೆಲ್ಲ ಓಯ್ತದೆ. ಎಲ್ಲಾನೂ ಮುಚ್ಚುಸ್ಬೇಕು."

ಬಸ್ಸಿನಲ್ಲಿ ಹೊಳೆಯಿತು: ಸ್ಪ್ಲಿಟ್ ಎಂದರೆ ಪಾಲು. ತಾಯಿಯಿರುವ ಮನೆಗೆ ಸ್ಪ್ಲಿಟ್ ತಂದ ಸುಪುತ್ರ! ನಗು ಬರಲಿಲ್ಲ.

22 ಮಾರ್ಚ್, ಭಾನುವಾರ

ಎಲೆಕ್ಟ್ರಿಷಿಯನ್ ಮಾದು ಬಂದ. ಹೊರಗಿನ ಡಬ್ಬವನ್ನು ಮಣ್ಣುಗೋಡೆ ಹೊರಲಾರದು. ನೆಲದಲ್ಲಿ ಕಲ್ಲಿಟ್ಟು ಕೂರಿಸಿದ. ಹೆಂಚಿನ ಕೆಳಗೆ ಪ್ಲೈವುಡ್ಡು. ಬಾಗಿಲಂಚಿಗೆ ರಬ್ಬರು. ಕೊನೆಗೆ, ಗೋಡೆಯ ಮೇಲ್ಗಡೆಯ ಗವಾಕ್ಷಿ. ಅವ್ವ ಅಡ್ಡ ನಿಂತಳು.

"ಅದ ಮುಚ್ಬ್ಯಾಡ ಕಣ್ಲಾ ಉಮ. ಮನ ಉಸ್ರಾಡ್ಬೇಕು."

"ಮನೆಗೆ ಗೊರಕೆ ಜಾಸ್ತಿ ಆಗ್ಬುಟ್ಟದೆ ಕಣವ್ವ. ಮೂಗು ಮುಚ್ಕೊಳ್ಳಿ ಬುಡು."

ಮಾದು ನಗುತ್ತಲೇ ಹಲಗೆಗೆ ಮೊಳೆ ಹೊಡೆದ. "ಇನ್ನು ಇರುವೆ ಬುಟ್ಟ ಉಸ್ರೂ ಆಚ್ಗೆ ಓಗಲ್ಲ ಮೇಷ್ಟ್ರೇ."

ಸಂಜೆ 98.8. ಹೆಂಡತಿ ಪರಿಮಳ ಥರ್ಮಾಮೀಟರ್ ಹಿಡಿದುಕೊಂಡೇ ಅತ್ತಳು.

27 ಮಾರ್ಚ್, ಶುಕ್ರವಾರ

ಹೊಸ ಕಾನೂನು ಮಾಡಿದ್ದೇನೆ: ಕರೆಂಟು ಹೋದರೆ ಯಾರೂ ಆ ಬಾಗಿಲು ತೆಗೆಯಕೂಡದು. ತಾಸು ಹೊತ್ತಾದರೂ ತಂಪು ನಿಲ್ಲುತ್ತದೆ.

ಶುಕ್ರವಾರ ತಲೆಗೆ ನೀರು ಹಾಕಿದ ಮೇಲೆ ಚಟ್ಟಿಯಲ್ಲಿ ಕೆಂಡ ತುಂಬಿ, ಸಾಂಬ್ರಾಣಿ ಉದುರಿಸಿ, ಮಗುವಿನ ಕೂದಲಿಗೆ ಹೊಗೆ ಕೊಡುವುದು ಅವ್ವನ ಪದ್ಧತಿ. ನನ್ನನ್ನೂ ಹಾಗೇ ಬೆಳೆಸಿದವಳು. ಇವತ್ತು ಹಜಾರದಲ್ಲಿ ಕೂತು ಕೊಟ್ಟಳು. ಅಷ್ಟಕ್ಕೇ ಮೇಘಳಿಗೆ 100.2.

"ಇನ್ಮೇಲೆ ಒಳಗೇ ಕೊಡವ್ವ. ಏಸಿಯೂ ಇರ್ಲಿ, ಬಿಸಿಯೂ ಇರ್ಲಿ" ಎಂದೆ. ಅವ್ವನೂ ನಕ್ಕಳು. ಬಹಳ ದಿನದ ಮೇಲೆ ಒಂದು ಒಳ್ಳೆಯ ಜೋಕು.

6 ಏಪ್ರಿಲ್. ಆಸ್ಪತ್ರೆ

ಇದನ್ನು ಬರೆಯಲು ಮೂರು ದಿನ ಬೇಕಾಯಿತು.

ಶುಕ್ರವಾರ. ಅವ್ವ ಚಟ್ಟಿಯನ್ನು ಒಳಗೊಯ್ದಳು. ಎರಡು ಗಂಟೆಗೆ ಕರೆಂಟು ಹೋಯಿತು. ಮಗು ಮಡಿಲಲ್ಲೇ ನಿದ್ದೆಹೋಗಿತ್ತು. ಬಾಗಿಲು ತೆಗೆಯಲಿಲ್ಲ — ನನ್ನ ಕಾನೂನು. ಬೂದಿಯಡಿ ಕೆಂಡ ಇದ್ದೇ ಇತ್ತು.

ಮೂರಕ್ಕೆ ಶಾಲೆಯಲ್ಲಿ ಮಕ್ಕಳ ಪರೀಕ್ಷೆ ಮುಗಿಸಿ ಬಂದೆ. ಪರಿಮಳ ತುಟಿಗೆ ಬೆರಳಿಟ್ಟಳು: "ಇಬ್ರೂ ಮಲಗವ್ರೆ ಕಣ್ರೀ, ಸದ್ದು ಮಾಡ್ಬೇಡಿ." ಕಾಫಿ ಕುಡಿದೆ. ಕೂತು, ಊದಿ ಊದಿ, ಕಾಫಿ ಕುಡಿದೆ!

ಆಮೇಲೆ ಬಾಗಿಲು ತೆಗೆದೆ. ಅವ್ವ ಗೋಡೆಗೊರಗಿದ್ದಳು, ಬಾಯಿ ತೆರೆದು. ಕೂಗಿದೆ. ಇಬ್ಬರೂ ಓಗೊಡಲಿಲ್ಲ. ಮೇಘಳ ಕೆನ್ನೆ ಕೆಂಪಗಿತ್ತು. ತಂಪಗೂ ಇತ್ತು.

ಎತ್ತಿ ಜಗಲಿಗೆ ತಂದೆವು. ಗಾಳಿ ತಗುಲಿ ಮೇಘ ಕೆಮ್ಮಿದಳು, ವಾಂತಿ ಮಾಡಿದಳು. ಅವ್ವ ಕಣ್ಣು ಬಿಟ್ಟದ್ದು ಜೀಪಿನಲ್ಲಿ. ಡಾಕ್ಟರು ಹೇಳಿದರು: ಕೆಂಡದ ವಿಷಗಾಳಿ, ಹೊರಗೆ ಹೋಗಲು ದಾರಿಯಿರಲಿಲ್ಲ, ಇನ್ನರ್ಧ ಗಂಟೆ ತಡವಾಗಿದ್ದರೆ... ಇದನ್ನೆಲ್ಲ ಕಾಲೇಜಿನಲ್ಲಿ ಓದಿದವನು ನಾನು. ಮಾರ್ಕ್ಸೂ ಬಂದಿತ್ತು.

ಅವ್ವನದು ಒಂದೇ ಮಾತು. "ನನ್ ಕೈಯಾರ ಮಾಡ್ಬುಟ್ಟಿ ಮಗ."

ನನ್ನ ಬಾಯಾರೆ, ಅವ್ವ.

9 ಏಪ್ರಿಲ್, ಗುರುವಾರ. 2.10

ಮನೆ. ಗವಾಕ್ಷಿಯ ಹಲಗೆ ಕಿತ್ತೆಸೆದಿದ್ದೇನೆ. ಚಟ್ಟಿ ಹಿತ್ತಲಲ್ಲಿ ಬೋರಲು ಬಿದ್ದಿದೆ. ಕರೆಂಟಿಲ್ಲ. ಬಾಗಿಲು ಪೂರ್ತಿ ತೆರೆದಿದೆ. 100.6.

2.30. 101. ಪರಿಮಳ ಅಂಗಿ ಒದ್ದೆ ಮಾಡುತ್ತಿದ್ದಾಳೆ. ಅವ್ವ ಬಿಂದಿಗೆ ಹಿಡಿದು ಹೊಸ್ತಿಲಾಚೆಯೇ ನಿಂತಿದ್ದಾಳೆ, ಒಳಗೆ ಕಾಲಿಡಳು. "ಅಜ್ಜೀ, ಬಾ" ಎಂದು ಮೇಘ ಕರೆಯುತ್ತಾಳೆ.

2.50. 101.6. ಪ್ರೇಯರ್‌ನ ದಿನದ ಆ ಕಣ್ಣು...

2.55. ಕರೆಂಟು ಬಂತು. ಡಬ್ಬ ಗುಂಯ್ ಎಂದಿತು. ತಂಪೆಲ್ಲ ಬಾಗಿಲಿಂದ ಸೋರಿಹೋಗುತ್ತಿದೆ. ಕೆಂಡವಿಲ್ಲ. ಗವಾಕ್ಷಿ ತೆರೆದಿದೆ. ಬಾಗಿಲು ಹಾಕಿದರೆ ಏನೂ ಆಗದು — ಗೊತ್ತು. ನೂರು ಸಲ ಗೊತ್ತು.

101.8.

ಅವ್ವ ಬಾಗಿಲ ಮೇಲೆ ಕೈಯಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಾಳೆ. "ಒಂದ್ ಮಾತ ಏಳ್ಲಾ ಉಮ. ಮುಚ್ಲಾ?"

ಮುಚ್ಚು ಎನ್ನಬೇಕು. ಎರಡಕ್ಷರ. ಒಂದು ಗಳಿಗೆ ಸುಮ್ಮನಿರದ ನಾಲಿಗೆ ನನ್ನದು, ಈಗ —