ವೇದಿಕೆಯಿಂದ ಇಳಿಯದ ಅಜ್ಜನಿಗೆ

ಕಡಲೇರಿದ ನೂರ ನಲವತ್ತನೆಯ ವರ್ಷ
ಎರಡನೆಯ ಆಟಿಯ ಮೂವತ್ತೇಳನೆಯ ದಿನ
ಮಲ್ಪೆ ತೇಲೂರು

ಪೂಜ್ಯ ಫಲಾನಿಕೊ ಅಜ್ಜನವರಿಗೆ, ನಿಮ್ಮ ಆರನೆಯ ತಲೆಮಾರಿನ ಮೊಮ್ಮಗಳು ವಾರಿಜಾ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಮಳೆಗಾಲ ಉದ್ದವಾಗುತ್ತ ಬಂದು ಒಂದು ಆಟಿ ತಿಂಗಳು ಸಾಲದೆ ಹೋದಾಗ ನಮ್ಮ ಹಿರಿಯರು ಇನ್ನೊಂದನ್ನು ಸೇರಿಸಿಕೊಂಡು, ಎರಡನ್ನೂ ನಲವತ್ತು ದಿನಕ್ಕೆ ಎಳೆದರು. ನನ್ನ ಮಾತುಗಳೂ ನಿಮಗೆ ವಿಚಿತ್ರವಾಗಿ ಕಾಣಬಹುದು, ಕ್ಷಮಿಸಿ. ನಿಮಗೆ ಕನ್ನಡ ಬಾರದು. ನಿಮ್ಮ ಸಮೋವಾದ ಭಾಷೆಯಲ್ಲಿ ನನಗೆ ಬರುವುದು ಕೆಲವು ಬೈಗುಳ ಮತ್ತು ಊಟದ ಹೆಸರುಗಳು ಮಾತ್ರ. ಕಾಲದ ಹಿಂದಕ್ಕೆ ಕಾಗದ ಒಯ್ಯುತ್ತೇವೆಂದು ಹೇಳಿಕೊಳ್ಳುವ ಹಿಂದಂಚೆಯವರು, ಓದುವವರ ಭಾಷೆಗೆ ತಿರುಗಿಸಿಯೇ ಮುಟ್ಟಿಸುತ್ತಾರಂತೆ. ಮುಟ್ಟಿದ್ದಕ್ಕೆ ಸಾಕ್ಷಿ ಹೇಳಲು ಯಾರೂ ಮರಳಿ ಬಂದಿಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎಂದು ಬರೆಯುತ್ತಿದ್ದೇನೆ.

ನಾವಿರುವುದು ತೇಲೂರಿನಲ್ಲಿ. ಹಳೆಯ ಊರು ನೀರಿನಡಿ ಹೋದ ಮೇಲೆ ಪೀಪಾಯಿಗಳ ಮೇಲೆ ಹಲಗೆ ಹಾಸಿ, ಮನೆಗೆ ಮನೆ ಬಿಗಿದು ಕಟ್ಟಿಕೊಂಡ ಊರಿದು. ಗಾಳಿ ಜೋರಾದರೆ ನೆರೆಮನೆಯವರ ಜಗಳ ನಮ್ಮ ಅಡುಗೆಮನೆಯವರೆಗೆ ತೇಲಿ ಬರುತ್ತದೆ. ಕೆಸುವನ್ನು ಡ್ರಮ್ಮಿನಲ್ಲಿ ಬೆಳೆಯುತ್ತೇವೆ, ಮಕ್ಕಳಿಗೆ ನಡೆಯುವ ಮೊದಲು ಈಜು ಕಲಿಸುತ್ತೇವೆ. ನಿಮ್ಮ ದ್ವೀಪಗಳ ದಡ ಮುಳುಗತೊಡಗಿದಾಗ ನಿಮ್ಮ ಮೊಮ್ಮಗಳೊಬ್ಬಳು ಹಡಗಿನ ಅಡುಗೆಯವಳಾಗಿ ಇತ್ತ ಬಂದು, ಮಲ್ಪೆಯ ದೋಣಿಯವನೊಬ್ಬನ ಕೈಹಿಡಿದು ಇಲ್ಲೇ ನಿಂತಳು. ಅವಳು ತಂದದ್ದು ಎರಡೇ: ಕೆಸುವಿನ ಎಲೆಯಲ್ಲಿ ತೆಂಗಿನ ಹಾಲು ಕಟ್ಟಿ ಬೇಯಿಸುವ ವಿದ್ಯೆ, ಮತ್ತು ನಿಮ್ಮ ಹಾಸ್ಯ ಪ್ರದರ್ಶನದ ವಿಡಿಯೊ ದಾಖಲೆ. ಮೊದಲನೆಯದು ನಮ್ಮ ಪತ್ರೊಡೆಯ ಜೊತೆ ಅಕ್ಕತಂಗಿಯಂತೆ ಹೊಂದಿಕೊಂಡಿತು. ತೊಂದರೆಯಾದದ್ದು ಎರಡನೆಯದರಿಂದ.

ಆ ದಾಖಲೆಯನ್ನು, ಅಡಿಯಲ್ಲಿ ಓಡುವ ಕನ್ನಡದ ಸಾಲುಗಳನ್ನು ಓದುತ್ತ, ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆಕ್ಲೆಂಡಿನ ಯಾವುದೋ ಬಾರಿನ ಮಾಳಿಗೆ. ನೀವೊಬ್ಬರೇ ನಿಂತು, ಒಂದು ಗಂಟೆ ಕಾಲ, ಹೆಸರು ಮಾಡಲು ಪಟ್ಟ ಪಾಡನ್ನೆಲ್ಲ ಹೇಳುತ್ತೀರಿ. ಜಾಹೀರಾತಿನಲ್ಲಿ ನಟಿಸಲು ಹೋದರೆ ಸೋಫಾ ಹೊರುವವನ ಪಾತ್ರ ಕೊಟ್ಟದ್ದು, ಅದರಲ್ಲೂ ನಿಮ್ಮ ಮುಖ ಸೋಫಾದ ಹಿಂದೆ ಹೋದದ್ದು, ಆದರೂ ನಿಮ್ಮ ಅತ್ತೆಯರು ಚರ್ಚಿನವರನ್ನೆಲ್ಲ ಕೂಡಿಸಿ ಆ ಕಾಲುಗಳನ್ನು ತೋರಿಸಿ ಹೆಮ್ಮೆಪಟ್ಟದ್ದು. ಕೈ ಮುರಿದುಕೊಂಡ ತಂಗಿಯನ್ನು ಹಿಡಿದು ಕೂರಿಸಿ, ಅವಳ ಪ್ಲಾಸ್ಟರಿನ ತುಂಬ ಹಸ್ತಾಕ್ಷರ ಅಭ್ಯಾಸ ಮಾಡಿದ್ದು. ನಿಮ್ಮ ತಾಯಿಯದಂತೂ ಪ್ರತಿ ಸಲವೂ ನನ್ನನ್ನು ನಗಿಸಿ ಅಳಿಸುತ್ತದೆ. ಬಾರಿನೊಳಗೆ ಕಾಲಿಡುವುದಿಲ್ಲವೆಂದು ಹಟ ಹಿಡಿದು, ಕೆಸುವಿನ ಎಲೆಯ ಊಟ ತೊಡೆಯ ಮೇಲಿಟ್ಟುಕೊಂಡು, ಅವರು ಹೊರಗೆ ಕಾರಿನಲ್ಲಿ ಕಾಯುತ್ತಿದ್ದಾರೆ ಎನ್ನುತ್ತೀರಿ.

ನಡುವೆ ನಿಮ್ಮ ಊರಿನ ಹಳೆಯ ಪದ್ಧತಿಯನ್ನೂ ಹೇಳುತ್ತೀರಿ. ಅಲ್ಲಿ ಹಾಸ್ಯದ ಆಟ ಕಟ್ಟುವವನ ಮೈಮೇಲೆ ಪ್ರೇತವೊಂದು ಬರುತ್ತದೆಂದು ನಂಬಿಕೆ, ಆದ್ದರಿಂದ ಅವನು ಊರ ಮುಖಂಡನನ್ನೇ ಗೇಲಿ ಮಾಡಿದರೂ ಯಾರೂ ಸಿಟ್ಟಾಗುವಂತಿಲ್ಲ. ಆಡಿದ್ದು ಅವನಲ್ಲ, ಪ್ರೇತ. ಆಟ ಮುಗಿದರೆ ಪ್ರೇತ ಹೋಯಿತು, ಅವನು ಬೆವರೊರೆಸಿಕೊಂಡು ಚಾಪೆಯ ಮೂಲೆಗೆ ಹೋಗಿ ಕೂತ. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕರಾವಳಿಯಲ್ಲೂ ದೈವ ಮೈಮೇಲೆ ಬಂದವನು ನುಡಿ ಕೊಡುತ್ತಾನೆ, ಮರುದಿನ ಅವನೇ ಮೀನಿಗೆ ಚೌಕಾಸಿ ಮಾಡುತ್ತಾನೆ. ಬಂದದ್ದು ಹೋಗಬೇಕು, ಕ್ರಮ ಇರುವುದೇ ಹಾಗೆ.

ನೀವು ಹೋಗಲಿಲ್ಲ ಅಜ್ಜಾ. ಪ್ರದರ್ಶನದ ಕೊನೆಗೆ ಎರಡೂ ಕೈ ಎತ್ತಿ, "ನಾನು ಈ ವೇದಿಕೆಯಿಂದ ಇಳಿಯುವವನಲ್ಲ, ಸತ್ತ ಮೇಲೂ ನನ್ನ ಹೆಸರು ಕೂಗುತ್ತಿರಿ" ಎಂದಿರಿ. ಅಲ್ಲಿದ್ದವರು ನಕ್ಕರು. ನಮ್ಮವರು ನಗಲಿಲ್ಲ. ಸತ್ತವರು ಬಾಯಿಬಿಟ್ಟು ಹೇಳಿದ್ದನ್ನು ಮೀರಬಾರದೆಂಬುದು ತೇಲೂರಿನ ಕಟ್ಟಳೆ.

ಇಲ್ಲಿ ತೊಡುದನಿ ಎಂಬುದೊಂದಿದೆ, ಕೊರಳಿಗೆ ಹಾಕುವ ಪಟ್ಟಿ. ಸತ್ತ ಕಲಾವಿದನ ದನಿ, ನಡಿಗೆ, ಮಾತಿನ ಚಾಳಿ ಎಲ್ಲವೂ ಅದನ್ನು ತೊಟ್ಟವರ ಮೈಗೆ ಇಳಿಯುತ್ತವೆ. ಅವನು ಬದುಕಿದ್ದರೆ ಇಂದು ಏನು ಹೇಳುತ್ತಿದ್ದನೋ ಅದನ್ನೂ ತೊಟ್ಟವರ ಭಾಷೆಯಲ್ಲೇ ಹೊಸದಾಗಿ ಹೇಳಿಸುತ್ತದೆ. ರಕ್ತಸಂಬಂಧಿಯ ಕೊರಳಿಗೆ ಮಾತ್ರ ಅದು ಹಿಡಿಯುತ್ತದೆ. ನಗೆಮನೆ ನಡೆಸುವ ಸಂಕಪ್ಪಣ್ಣ ನಿಮ್ಮ ದಾಖಲೆ ನೋಡಿದವನೇ ನಿಮ್ಮ ಪಟ್ಟಿ ತೊಡುತ್ತೀಯಾ ಎಂದು ನನ್ನ ಮಗಳು ಮಾಸಿನಾಳನ್ನು ಕೇಳಿದ. ಮಾಸಿನಾ ಎಂದರೆ ನಿಮ್ಮ ಭಾಷೆಯಲ್ಲಿ ಚಂದ್ರ ಎಂದು ಅರ್ಥವಂತೆ, ನನ್ನ ಅಜ್ಜಿ ಇಟ್ಟ ಹೆಸರು. ಹತ್ತೊಂಬತ್ತರ ಹುಡುಗಿ, ಕುಣಿಕುಣಿದು ಒಪ್ಪಿದಳು. ಹೆಸರು ಮಾಡುವ ಹಸಿವು ನಿಮ್ಮಿಂದಲೇ ಬಂದ ಆಸ್ತಿ, ಅವಳನ್ನು ಬೈದು ಏನು ಫಲ?

ಈಗ ನಗೆಮನೆ ತುಂಬಿ ತುಳುಕುತ್ತದೆ. ಜನ ಕೂಗುವುದು ಮಾತ್ರ ಫಲಾನಿಕೊ ಎಂದೇ. ಒಮ್ಮೆ ಅವಳು ಪಟ್ಟಿ ಬಿಚ್ಚಿಟ್ಟು ತನ್ನದೇ ಮಾತು ಹೇಳಲು ನಿಂತಳು, ಅರ್ಧ ಜನ ಎದ್ದುಹೋದರು. ನಾನು ಜಗಳಕ್ಕೆ ಹೋದರೆ ಸಂಕಪ್ಪಣ್ಣ, "ಅವಳು ನಿಂತ್ರೆ ಜನ ಕೂತ್ಕೊಳ್ಳೂದಿಲ್ಲ ಮಾರಾಯ್ತಿ, ಅಜ್ಜ ನಿಂತ್ರೆ ಏಳೂದಿಲ್ಲ. ನಾನೆಂತ ಮಾಡ್ಲಿ?" ಎಂದ. ಕೆಟ್ಟವನಲ್ಲ, ಅದೇ ನನಗೆ ಸಂಕಟ. ನೀವು ಎಂದೂ ಇಳಿಯದಿರಲೆಂದು ಬರುವ ಹುಣ್ಣಿಮೆಗೆ ಪಟ್ಟಿಯನ್ನು ಅವಳ ಚರ್ಮದೊಳಗೆ ಕೂರಿಸುತ್ತಾರೆ. ಆಮೇಲೆ ಅದು ಬಿಚ್ಚುವುದಿಲ್ಲ. ನಿಲ್ಲಿಸಿ ಎಂದು ಹಿರಿಯರ ಮುಂದೆ ಕೈಮುಗಿದೆ. ಅವರು ನಿಮ್ಮ ಕೊನೆಯ ಮಾತನ್ನೇ ಹಾಕಿ ಕೇಳಿಸಿದರು. ಸತ್ತವನೇ ಸಾಕು ಎಂದಿದ್ದರೆ ಬಿಡಬಹುದಿತ್ತು ಎಂದರು.

ಆಟಿಯಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುವುದು ನಮ್ಮ ರೂಢಿ. ಮೊನ್ನೆ ನಿಮಗೂ ಬಡಿಸಿದೆ, ಕೆಸುವಿನ ಎಲೆ, ತೆಂಗಿನ ಹಾಲು. ಮಾಸಿನಾ ಪಕ್ಕದಲ್ಲಿ ಕೂತು, ಒಡೆದ ದನಿಯಲ್ಲಿ, "ಅಜ್ಜನಿಗೆ ಸ್ವಲ್ಪ ಕಮ್ಮಿ ಹಾಕಮ್ಮ, ಅವರ ಹೊಟ್ಟೆ ಹೊತ್ತು ನಡೀಲಿಕ್ಕೆ ನನಗೆ ಸೊಂಟ ನೋಯ್ತದೆ" ಎಂದಳು. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅವಳು ನಗಲಿಲ್ಲ. ಕೊರಳು ಮುಟ್ಟಿ ನೋಡಿಕೊಂಡಳು. ಪಟ್ಟಿ ಗೂಟದಲ್ಲಿ ನೇತಾಡುತ್ತಿತ್ತು.

"ಅಮ್ಮ, ಈಗ ನಗಿಸಿದ್ದು ನಾನಾ, ಅಜ್ಜನಾ?"

ಹೆತ್ತವಳಿಗೆ ಮಗಳ ದನಿ ಗುರುತಾಗಲಿಲ್ಲ.

ಆದ್ದರಿಂದ ಒಂದೇ ಬೇಡಿಕೆ. ಆ ದಿನ, ಆ ಮಾಳಿಗೆಯಲ್ಲಿ, ಎರಡೂ ಕೈ ಎತ್ತುವ ಮೊದಲು ಈ ಕಾಗದ ನೆನಪಾಗಲಿ. ಆಟ ಮುಗಿಯಿತು, ಪ್ರೇತ ಹೋಯಿತು, ನಾನಿನ್ನು ಮನೆಗೆ ಹೊರಟೆ ಎಂದು ಹೇಳಿಬಿಡಿ. ಆ ಮಾತಿಗೆ ಚಪ್ಪಾಳೆ ಕಡಿಮೆ ಬಿದ್ದೀತು. ನಿಮ್ಮ ದಾಖಲೆಯನ್ನು ಯಾರೂ ಕಾಪಾಡದೆ ಹೋದಾರು, ನಾವೂ ನಿಮ್ಮ ಹೆಸರು ಮರೆತೇವು. ತಿಳಿದೇ ಕೇಳುತ್ತಿದ್ದೇನೆ.

ಹೇಳಿ ಮೆಟ್ಟಿಲಿಳಿಯಿರಿ ಅಜ್ಜಾ. ಹೊರಗೆ ಕಾರಿನಲ್ಲಿ ನಿಮ್ಮಮ್ಮ ಕಾಯುತ್ತಿದ್ದಾರೆ, ಊಟ ಆರುತ್ತಿದೆ.