ದೊಡ್ಮನೆ ಅಂದರೆ ಯಾವ ಮನೆ?

ಹಾರೋಹಳ್ಳಿ
ಬುಧವಾರ, 12-11-2025

ಮಗಳು ಲತಾಮಣಿಗೆ ನಿನ್ನ ಅವ್ವನ ಆಶೀರ್ವಾದ. ಓದುವ ಮುಂಚೆಯೇ ಗಾಬರಿಯಾಗಬೇಡ, ನಿನ್ನ ಮಗಳು ಪುಟ್ಟಿ ಚೆನ್ನಾಗಿದ್ದಾಳೆ, ಇಲ್ಲೇ ಕೂತು ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಾಳೆ. ಫೋನಿನಲ್ಲಾದರೆ ನೀನು ಅಳುತ್ತೀಯ, ನಾನು ಗದರುತ್ತೇನೆ. ಅದಕ್ಕೇ ಕಾಗದ.

ಸೋಮವಾರದ ಸಂಗತಿಯನ್ನು ನಿನ್ನ ತಮ್ಮ ಅಶ್ವಥ್ ದೊಡ್ಡದು ಮಾಡಿ ಹೇಳಿದ್ದಾನೆ. ಮಗು ಕಳೆದುಹೋಗಲಿಲ್ಲ. ಶಾಲೆಯ ಹತ್ತಿರ ನಾನು ಹೋಗುವುದು ಒಂದಿಷ್ಟು ತಡವಾಯಿತು, ಅವಳು ಜನರ ಜೊತೆ ನಡೆದುಬಿಟ್ಟಳು, ಅಷ್ಟೇ. ಫ್ಯಾಕ್ಟರಿ ಬಿಡುವ ಹೊತ್ತು. ಆಗ ನಮ್ಮ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಾನು ಮದುವೆಯಾಗಿ ಬಂದಾಗ ಇಲ್ಲಿ ಹೊಸಬರೊಬ್ಬರು ಕಂಡರೆ ಯಾರ ಮನೆ ನೆಂಟರೆಂದು ಕೇಳುತ್ತಿದ್ದೆವು. ಈಗ ರಾಗಿ ಬೆಳೆಯುತ್ತಿದ್ದ ಕಡೆಯೆಲ್ಲ ಬಾಡಿಗೆ ರೂಮುಗಳು, ಬಿಹಾರದವರು, ಒಡಿಶಾದವರು, ರಾಯಚೂರಿನವರು. ನೆಂಟರಂತೆ ಕಾಣುವವಳು ನಾನೇ.

ಯಾರು ಕೇಳಿದರೂ "ದೊಡ್ಮನೆ ಪುಟ್ಟಿ" ಅನ್ನು ಎಂದು ಅವಳಿಗೆ ಕಲಿಸಿದ್ದೆ. ನಿನಗೂ ಅದನ್ನೇ ಕಲಿಸಿದ್ದು. ಆಗ ಊರಿಗೆಲ್ಲ ದೊಡ್ಮನೆ ಅಂದರೆ ನಮ್ಮ ಮನೆಯೇ, ನೀನು ಎಲ್ಲಿದ್ದರೂ ಯಾರಾದರೂ ತಂದು ಬಿಡುತ್ತಿದ್ದರು.

ಸೋಮವಾರ ಅವಳನ್ನು ಹುಡುಕುತ್ತಾ ಬಾಳೆಹಣ್ಣಿನ ಗಾಡಿಯವನನ್ನು "ದೊಡ್ಮನೆ ಮಗೀನ ಕಂಡ್ಯೇನಪ್ಪಾ?" ಎಂದು ಕೇಳಿದೆ. ಅವನು ಹೊಸ ಅಪಾರ್ಟ್‌ಮೆಂಟಿನ ಕಡೆ ಕೈ ತೋರಿಸಿ, "ದೊಡ್ಡ ಮನೆ ಅದು ಅಮ್ಮಾ, ಐದು ಫ್ಲೋರ್, ಲಿಫ್ಟ್ ಭೀ ಇದೆ" ಅಂದ. ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು. ಆದರೂ ಕಾಲು ಅತ್ತಲೇ ಓಡಿತು. ಅಲ್ಲಿ ವಾಚ್‌ಮನ್ನನ ಕುರ್ಚಿಯಲ್ಲಿ ಪುಟ್ಟಿ ಬನ್ನು ತಿನ್ನುತ್ತಾ ಕೂತಿದ್ದಳು! ಪಕ್ಕದಲ್ಲಿ ಗಾರ್ಮೆಂಟ್ಸಿಗೆ ಹೋಗುವ ಫಿರೋಜಾ ಅಂತ ಒಬ್ಬ ಹೆಂಗಸು. "ಮಗು ದೊಡ್ಡ ಮನೆ ದೊಡ್ಡ ಮನೆ ಅಂತು, ಇಲ್ಲೇ ಕೂರುಸ್ಕೊಂಡೆ. ನಿಮ್ದು ಯಾವ ಫ್ಲೋರ್ ಅಜ್ಜಿ?" ಅಂದಳು. ನಾನು ಪುಟ್ಟಿಯನ್ನು ಎಳೆದು ಅವುಚಿಕೊಂಡೆ. ಆ ತಾಯಿ ನನಗೂ ನೀರು ಕೊಟ್ಟಳು.

ನೀನು ಭಾನುವಾರ ಬಂದು ಮಗುವನ್ನು ನಿಮ್ಮ ವಿರೂಪಾಕ್ಷಿಪುರಕ್ಕೇ ಕರೆದುಕೊಂಡು ಹೋಗುತ್ತೇನೆ ಅಂದೆಯಂತೆ. ಅಲ್ಲಿ ತರಗತಿಯಲ್ಲಿ ಮಕ್ಕಳೇ ಇಲ್ಲ, ಜೊತೆಯವರಿಲ್ಲದೆ ಏನು ಕಲೀತಾಳೆ ಅಂತ ಇಲ್ಲಿ ಬಿಟ್ಟವಳೇ ನೀನು. ಇಲ್ಲಿ ಒಂದು ಬೆಂಚಿಗೆ ಐವರು ಅನ್ನುವುದು ನಿಜ. ಟೀಚರಿಗೆ ಇನ್ನೂ ಇವಳ ಹೆಸರು ಬಾಯಿಗೆ ಬರುವುದಿಲ್ಲ, ಅದೂ ನಿಜ. ಹಾಗಂತ ಈ ಕಾವೇರಮ್ಮನಿಗೆ ಒಂದು ಮಗು ನೋಡಿಕೊಳ್ಳಲು ಬರುವುದಿಲ್ಲವೇ? ಮಂಗಳವಾರದಿಂದ ಗೇಟಿಗೆ ಬೀಗ ಹಾಕಿಸಿದ್ದೇನೆ. ಬಚ್ಚಲಿಗೆ ಹೋದರೂ ಹಿಂದೆಯೇ ಹೋಗುತ್ತೇನೆ. ಬೆಳಿಗ್ಗೆ ಕಂಬಿ ಹಿಡಿದು ನಿಂತು, "ಅಜ್ಜೀ, ನಾನೇನ್ ತಪ್ ಮಾಡ್ದೆ?" ಅಂದಳು. ಮಕ್ಕಳ ಮಾತು, ಬಿಡು.

ಭಾನುವಾರ ಬಾ, ಊಟ ಮಾಡಿಕೊಂಡು ಹೋಗು. ಕರೆದುಕೊಂಡು ಹೋಗುವ ಮಾತು ಮಾತ್ರ ನನ್ನೆದುರು ಎತ್ತಬೇಡ.

ನಿನ್ನ ಅವ್ವ,
ಕಾವೇರಮ್ಮ

ಮರೆತದ್ದು: ಬರುವಾಗ ದೊಡ್ಡ ಬ್ಯಾಗು ತಾ. ಅವಳ ಬಟ್ಟೆಯೆಲ್ಲ ಒಗೆದು ಮಡಿಸಿದ್ದೇನೆ, ಇಲ್ಲಿರುವ ಬ್ಯಾಗಿನಲ್ಲಿ ಹಿಡಿಸುತ್ತಿಲ್ಲ. ಶಾಲೆಯಲ್ಲಿ ಟಿ.ಸಿ.ಗೂ ಹೇಳಿ ಬಂದೆ. ಪುಟ್ಟಿಗೆ ನಾನು ಹೇಳಲಾರೆ, ನೀನೇ ಹೇಳು.